ಕೆಂಪು ದಾರದ ಗಿಡ್ಡ

ಹಲ್ಲು ನಾಟಿದ್ದೇ ತಡ, ರಸ ಚಿಲ್ಲೆಂದು ಕಾಶಿನಾಥನ ಅಂಗಿಯ ಮೇಲೆ ಹಾರಿತು. ಅವನು ನಿಲ್ಲಿಸಲಿಲ್ಲ. ಮಾಳಿಗೆಯ ಗೋಡೆಗೆ ಬೆನ್ನು ಹಚ್ಚಿ, ಮೆಟ್ಟಿಲ ಕಡೆ ಒಂದು ಕಣ್ಣಿಟ್ಟು, ಟೊಮ್ಯಾಟೊವನ್ನು ಬೀಜ ಸಿಪ್ಪೆ ಸಮೇತ ತಿಂದು ಮುಗಿಸಿದ. ಮೊದಲು ಹುಳಿ, ಆಮೇಲೆ ಸಿಹಿ, ಕೊನೆಗೆ ನಾಲಿಗೆಯ ಬುಡದಲ್ಲಿ ಹೊಗೆಯಂಥ ಏನೋ ಒಂದು. ರುಚಿಯಾಗಿತ್ತು. ಅದೇ ಅವನಿಗೆ ಹೆಚ್ಚು ಸಿಟ್ಟು ತರಿಸಿತು.

ತಿನ್ನುವ ಮೊದಲು ತೊಟ್ಟಿಗೆ ಕಟ್ಟಿದ್ದ ಕೆಂಪು ದಾರವನ್ನು ಬಿಚ್ಚಿದ್ದ. ದಾರ ಕಟ್ಟಿದ ಹಣ್ಣೆಂದರೆ ಬೀಜಕ್ಕೆ ಬಿಟ್ಟ ಹಣ್ಣು. ಅದನ್ನು ಈ ಮನೆಯಲ್ಲಿ ಯಾರೂ ಮುಟ್ಟುವಂತಿಲ್ಲ. ಯಾರೂ ಎಂದರೆ ಇದ್ದವರೇ ಇಬ್ಬರು, ಅವನು ಮತ್ತು ಹೆಂಡತಿ ಸುಜಾತಾ. ಗಿಡ ಆಗಲೇ ರೋಗ ಬಿದ್ದು ಒಣಗಿತ್ತು. ಉಳಿದಿದ್ದು ಇದೊಂದೇ ಹಣ್ಣು. ಗೊತ್ತಿದ್ದೇ ತಿಂದ.

ಗೋಕಾಕದ ಪೇಟೆಯಲ್ಲಿ ಕಾಶಿನಾಥನದು ರೆಡಿಮೇಡ್ ಬಟ್ಟೆಯ ಅಂಗಡಿ. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಇವನ ಅಂಗಿಯ ಅಳತೆ ನಲವತ್ತು, ಇವನದು ಮೂವತ್ತೆಂಟು ಎಂದು ಕಣ್ಣಳತೆಯಲ್ಲಿ ಹೇಳಿಬಿಡುತ್ತಿದ್ದ. ಅವನ ಸ್ವಂತ ಅಳತೆ ಮೂವತ್ತಾರು. ಸುಜಾತಾ ಅವನಿಗಿಂತ ನಾಲ್ಕು ಬೆರಳು ಎತ್ತರ. ಮದುವೆಯ ಫೋಟೊದಲ್ಲಿ ಇಬ್ಬರೂ ಸಮ ಕಾಣುತ್ತಾರೆ. ಅವನ ಕಾಲಡಿಯ ಮಣೆ ಫೋಟೊದ ಹೊರಗೆ ಉಳಿದಿದೆ. ಹುಡುಗನಾಗಿದ್ದಾಗಿನಿಂದಲೂ ಅವನ ಕಿವಿ ಒಂದೇ ಒಂದು ಶಬ್ದಕ್ಕಾಗಿ ಕಾಯುತ್ತಿತ್ತು. ಬಸ್ಸಿನಲ್ಲಿ, ಮದುವೆಯ ಪಂಕ್ತಿಯಲ್ಲಿ, ಯಾರೋ ಕಿಸಕ್ಕೆಂದು ನಕ್ಕಲ್ಲಿ. ಗಿಡ್ಡ.

ಆ ಶಬ್ದ ಅವನ ಅಡುಗೆಮನೆಗೇ ಬಂದದ್ದು ಫೋನಿನಲ್ಲಿ.

"ಮೇಡಮ್, ಏನಂತಾನ್ರಿ ನಿಮ್ಮ ಗಿಡ್ಡ?" ಎಂದು ಗಂಡುದನಿಯೊಂದು ಕೇಳಿತ್ತು. ಸುಜಾತಾ ಫೋನನ್ನು ಡಬ್ಬಿಗೆ ಆನಿಸಿಟ್ಟು ಹಿಟ್ಟು ನಾದುತ್ತಿದ್ದಳು. ಕಾಶಿನಾಥ ಹೊರಗೆ ಮಂಚದ ಮೇಲೆ ಸೆಕೆಗೆ ಬೆವರುತ್ತ ಕೂತಿದ್ದ.

"ಏನಂತಾನ್ರಿ ಸರ್, ಬಿಸಲಿಗೆ ಮಾರಿ ಬಾಡಿಸ್ಕೊಂಡು ಕುಂತಾನ. ಸಂಜಿಮುಂದ ಒಂದು ತಂಬಗಿ ನೀರು ಕುಡದ್ರ ಮತ್ತ ಸೆಟದು ನಿಂದರತಾನ!"

ಇಬ್ಬರೂ ನಕ್ಕರು. ಕಾಶಿನಾಥ ಬಾಯಿಯ ತನಕ ತಂದಿದ್ದ ತಂಬಿಗೆಯನ್ನು ಸದ್ದಾಗದಂತೆ ಕೆಳಗಿಟ್ಟ.

ಗಿಡ್ಡ ಎಂದರೆ ಮಾಳಿಗೆಯ ಮೇಲಿನ ಒಂದು ಟೊಮ್ಯಾಟೊ ಗಿಡಕ್ಕೆ ಅವಳು ಇಟ್ಟ ಹೆಸರೆಂದು ಆಮೇಲೆ ತಿಳಿಯಿತು. ತಿಳಿದ ಮೇಲೂ ಉರಿ ಆರಲಿಲ್ಲ. ತನ್ನನ್ನು ಆಡಿಕೊಂಡಿದ್ದರೆ ಜಗಳವಾದರೂ ಆಡಬಹುದಿತ್ತು. ಗಿಡದ ಬಗ್ಗೆ ಅಷ್ಟು ಅಕ್ಕರೆಯಿಂದ ಮಾತಾಡುವ ಹೆಂಗಸಿನ ಜೊತೆ ಏನೆಂದು ಜಗಳ ತೆಗೆಯುವುದು? ಆ ದನಿ ಅವಳಲ್ಲಿತ್ತೆಂಬುದೇ ಅವನಿಗೆ ಹೊಸ ಸುದ್ದಿ.

ಫೋನಿನವನ ಹೆಸರು ಅಜಿತ. ಹುಕ್ಕೇರಿಯಲ್ಲಿ ಹೈಸ್ಕೂಲು ಮಾಸ್ತರ. ಮಾಳಿಗೆಯ ಮೇಲೆ ಗಿಡ ಬೆಳೆಸುವವರ ವಾಟ್ಸಾಪ್ ಗುಂಪಿನಲ್ಲಿ ಪರಿಚಯವಾದವನು. ಲಕೋಟೆಯಲ್ಲಿ ಬೀಜ ಕಳಿಸುತ್ತಿದ್ದ. ಎಲ್ಲವೂ ಗಿಡ್ಡ ತಳಿಯ ಬೀಜ. ಬೇರೆಯದು ಇಲ್ಲಿ ನಡೆಯುತ್ತಲೂ ಇರಲಿಲ್ಲ. ಮನೆಯ ಮಾಲಕಿ ಶಂಕ್ರವ್ವ ಮೊದಲ ದಿನವೇ ಕಟ್ಟಪ್ಪಣೆ ಮಾಡಿದ್ದಳು: "ನಿನ್ನ ಗಿಡ ಗ್ವಾಡಿ ಮ್ಯಾಲ ತಲಿ ಎತ್ತಬಾರ್ದು ನೋಡವಾ. ಎತ್ತಿದ್ರ ಮಂಗ್ಯಾಗೋಳಿಗೆ ಕಾಣಸ್ತೈತಿ. ಅವು ಬಂದ್ರ ನನ್ನ ಹಪ್ಪಳಾನೂ ಬಿಡೂದಿಲ್ಲ." ಹೀಗಾಗಿ ಗೋಡೆಯ ಮರೆಯಲ್ಲಿ ಆರು ಗಿಡಗಳು ಸೊಂಟದೆತ್ತರಕ್ಕೇ ನಿಂತು ಹಣ್ಣು ಬಿಟ್ಟವು. ಹೆಬ್ಬೆರಳಿನಷ್ಟು ದಪ್ಪ ಕಾಂಡ, ಇಸ್ತ್ರಿ ಕಾಣದ ಬಟ್ಟೆಯಂತೆ ಸುಕ್ಕುಗಟ್ಟಿದ ಕಡುಹಸಿರು ಎಲೆ. ಒಂದರ ಹಣ್ಣು ಕಪ್ಪು, ಒಂದರದು ಹಳದಿ, ಒಂದರ ಮೈತುಂಬ ಪಟ್ಟೆ. ಮಂಗಗಳು ಎದುರಿನ ನೀರಿನ ಟಾಕಿಯ ಮೇಲೆ ಕೂತು ಬೇರೆ ಕಡೆ ನೋಡುತ್ತಿದ್ದವು.

ಬರುವ ಹಂಗಾಮಿಗೆ ಮೂರೇ ಕುಂಡ ಎಂದು ಶಂಕ್ರವ್ವ ಹೇಳಿದಾಗ ಸುಜಾತಾ ಆರಿಸಲು ಕೂತಳು. ತಟ್ಟೆಯಲ್ಲಿ ಆರೂ ಹಣ್ಣುಗಳ ಹೋಳು ಜೋಡಿಸಿ, ಉಪ್ಪು ಉದುರಿಸಿ, ಮೊದಲು ಗಂಡನ ಮುಂದೆ ಹಿಡಿದಳು.

"ತಿಂದು ಹೇಳ್ರಿ. ಯಾವುದು ಇಟ್ಕೊಳ್ಳೋಣು?"

"ಸಾರಿಗೆ ಹಾಕಿದ್ರ ಎಲ್ಲಾ ಒಂದ," ಎಂದ ಕಾಶಿನಾಥ. ಒಂದು ಹೋಳನ್ನೂ ಮುಟ್ಟಲಿಲ್ಲ.

ಅವಳು ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಅದೇ ದನಿ: "ಸರ್, ಕರೇದು ತೊಗಲು ದಪ್ಪ ಆತ್ರಿ. ಪಟ್ಟಿದು ಬರೇ ನೀರು. ನಮ್ಮ ಗಿಡ್ಡನ್ನ ಮುಂದ ಯಾವೂ ನಿಂದರಂಗಿಲ್ಲ ಬಿಡ್ರಿ."

ಮರುದಿನ ಗಿಡ್ಡನ ಕೊನೆಯ ಹಣ್ಣಿಗೆ ಕೆಂಪು ದಾರ ಬಂತು. ದಾರ ಅವನ ಅಂಗಡಿಯದೇ. "ಇದು ಯಾರಿಗೆ?" ಎಂದು ಕೇಳಿದ್ದಕ್ಕೆ ಸುಜಾತಾ, "ಅಜಿತ ಸರ್‌ಗೂ ಬೀಜ ಕೊಡಬೇಕು, ಬಿಟ್ಟೇನಿ," ಎಂದಳು. ಹುಕ್ಕೇರಿಯಿಂದ ಬಂದದ್ದು ಮತ್ತೆ ಹುಕ್ಕೇರಿಗೆ. ನಡುವೆ ಇವನ ಮನೆ, ಇವನ ದಾರ, ಇವನೇ ಮಹಡಿ ಹತ್ತಿಸಿದ ಮಣ್ಣಿನ ಚೀಲ.

ಅದಕ್ಕೇ ತಿಂದ.

ಅಂಗಡಿ ಮುಚ್ಚಿ ಬಂದಾಗ ಸುಜಾತಾ ಬಾಗಿಲಲ್ಲೇ ನಿಂತಿದ್ದಳು. ರಸ ಹಾರಿದ ಅಂಗಿಯನ್ನು ಅವನು ಬೆಳಿಗ್ಗೆಯೇ ಬದಲಿಸಿದ್ದ.

"ಗಿಡ್ಡಂದು ಹಣ್ಣಿಲ್ಲ," ಎಂದಳು.

"ಮಂಗ್ಯಾ ತಿಂದಿರಬೇಕು."

"ಮಂಗ್ಯಾ?"

"ಮತ್ತ್ಯಾರು? ಊರ ತುಂಬ ಅವ ಅದಾವಲ್ಲ."

ಸುಜಾತಾ ಮುಚ್ಚಿದ ಅಂಗೈಯನ್ನು ಅವನ ಮುಂದೆ ಬಿಚ್ಚಿದಳು. ಕೆಂಪು ದಾರ. ಅಂಗಡಿಯಲ್ಲಿ ಗುಂಡಿ ಹಚ್ಚಿ ಉಳಿದ ತುಂಡು ದಾರವನ್ನು ಕಾಶಿನಾಥ ಎಂದೂ ಎಸೆದವನಲ್ಲ. ಹೆಬ್ಬೆರಳಿಗೂ ಕಿರುಬೆರಳಿಗೂ ಅಡ್ಡಡ್ಡ ಸುತ್ತಿ, ನಡುವಿಗೊಂದು ಬಿಗಿ ಹಾಕಿ, ಚಿಟ್ಟೆಯಂತೆ ಮಾಡಿ ಇಡುವುದು ಅವನ ಅಪ್ಪ ಕಲಿಸಿದ ರೂಢಿ. ಬೆಳಿಗ್ಗೆಯೂ ಕೈ ತನ್ನಷ್ಟಕ್ಕೆ ತಾನು ಸುತ್ತಿ ಗೋಡೆಯ ಮೇಲೆ ಇಟ್ಟುಬಿಟ್ಟಿತ್ತು.

"ಭಾಳ ಶಾಣ್ಯಾ ಮಂಗ್ಯಾ," ಎಂದಳು ಸುಜಾತಾ. "ಅಂಗಡಿ ಇಟ್ಟಂಗ ಕಾಣ್ತೈತಿ."

ಅಷ್ಟೇ. ಫೋನಿನಲ್ಲಿ ಅಜಿತನಿಗೂ ಒಂದೇ ಮಾತು ಹೇಳಿದಳು: "ಮಂಗ್ಯಾ ತಿಂತ್ರಿ ಸರ್." ಅಂದಿನಿಂದ ಅಡುಗೆಮನೆಯಲ್ಲಿ ನಗು ನಿಂತಿತು. ಅದನ್ನೇ ಅಲ್ಲವೇ ಕಾಶಿನಾಥ ಬಯಸಿದ್ದು? ಈಗ ಅದು ನಿಂತದ್ದೇ ಅವನನ್ನು ಕೆಣಕಿತು. ಇನ್ನೊಬ್ಬ ಕೊಟ್ಟ ವಸ್ತುವಿಗೆ ಇವಳು ಇಷ್ಟು ದುಃಖಪಡುತ್ತಾಳಲ್ಲ! ರೊಟ್ಟಿ ಮುರಿಯುವಾಗ, ಅಂಗಿ ಮಡಚುವಾಗ ಅದೇ ಯೋಚನೆ ಕೊರೆಯಿತು. ಕೊನೆಗೊಂದು ಉಪಾಯ ಹೊಳೆಯಿತು. ಅದೇ ಬೀಜವನ್ನು ಅಜಿತನಿಂದಲೇ ಈಸಿಕೊಂಡು ತಂದು ತನ್ನ ಕೈಯಿಂದ ಕೊಡಬೇಕು. ಆಗ ಗಿಡ್ಡ ತಾನು ಕೊಟ್ಟದ್ದಾಗುತ್ತದೆ.

ರವಿವಾರ ಸ್ಕೂಟರ್ ತೆಗೆದ. ಧುಪದಾಳದ ಒಡ್ಡಿನ ಮೇಲಿಂದ ನೀರು ಬೀಳುತ್ತಿತ್ತು, ನಿಂತು ನೋಡಲಿಲ್ಲ. ಹುಕ್ಕೇರಿಯಲ್ಲಿ ಮನೆ ಕೇಳಿಕೊಂಡು ಹೋದರೆ, ಬಾಗಿಲು ತುಂಬ ನಿಂತವನು ನಲವತ್ತನಾಲ್ಕು. ಅವನಿಗೆ ಆಗುವ ಅಂಗಿ ಕಾಶಿನಾಥನ ಅಂಗಡಿಯಲ್ಲಿ ಇರಲೇ ಇಲ್ಲ.

"ಅಯ್ಯ, ಮೇಡಮ್ ಅವರ ಯಜಮಾನ್ರಾ! ಬರ್ರಿ, ಬರ್ರಿ. ಚಾ ಕುಡೀರಿ ಮೊದಲ."

ಚಹಾ ಗಂಟಲಲ್ಲಿ ಇಳಿಯುವ ಮೊದಲೇ ಕಾಶಿನಾಥ ಕೇಳಿಬಿಟ್ಟ. "ಗಿಡ್ಡಂದು ಬೀಜ ಬೇಕಾಗಿತ್ರಿ. ನೀವು ಕೊಟ್ಟಿದ್ರಲ್ಲ, ಅದು."

ಅಜಿತ ಬಟ್ಟಲನ್ನು ಕೆಳಗಿಟ್ಟ. "ನಾ ಎಲ್ಲಿ ಕೊಟ್ಟೇನ್ರಿ? ಅದು ಅವರ ತವರಮನಿದು! ಮಸಗುಪ್ಪಿ ಹೊಲದಾಗ ಟೊಮ್ಯಾಟೊ ಹಚ್ಚಿದಾಗ ಎಲ್ಲಾ ಗಿಡ ಎತ್ತರಾದ್ವಂತ, ಒಂದ ಒಂದು ಗಿಡ್ಡ ಉಳದಿತ್ತಂತ. ಕಿತ್ತು ಒಗಿ ಅಂದ್ರೂ ಅವರವ್ವ ಒಗೀಲಿಲ್ಲಂತ, ಬೀಜ ಹಿಡದು ಮಗಳಿಗೆ ಕೊಟ್ರಂತ. ನಿಮಗ ಹೇಳಿಲ್ಲೇನ್ರಿ?"

"ಹೇಳ್ಯಾಳ," ಎಂದ ಕಾಶಿನಾಥ.

"ಖರೆ ಹೇಳಲ್ರಿ? ನನಗ ಹೊಟ್ಟಿಕಿಚ್ಚಾಗಿತ್ತು. ಐದು ಜಾತಿ ಹುಡುಕಿ ಹುಡುಕಿ ನಾ ಕಳಿಸಿದೆ. ಅವರು ಎಲ್ಲಾ ತಿಂದು ನೋಡಿ ಮೊದಲನೇ ನಂಬರ್ ಕೊಟ್ಟಿದ್ದು ತಮ್ಮ ಗಿಡ್ಡಗ! ಇದ್ದ ಬೀಜೆಲ್ಲಾ ಹಾಕಿದ್ರೂ ನಾಟಿದ್ದು ಒಂದ ಗಿಡ ನೋಡ್ರಿ. ಅದಕ್ಕ, ಒಂದು ಕಡೆ ಹೋದ್ರ ಇನ್ನೊಂದು ಕಡೆ ಉಳೀಲಿ ಅಂತ ನನಗೂ ನಾಕು ಬೀಜ ಕೊಡತೇನಿ ಅಂದಿದ್ರು. ಅಷ್ಟರಾಗ ಆ ಹಾಳ ಮಂಗ್ಯಾ…"

"ಹೌದು," ಎಂದ ಕಾಶಿನಾಥ. "ಮಂಗ್ಯಾ."

ಮಸಗುಪ್ಪಿಯ ಆ ಹೊಲ ಅವನಿಗೆ ಗೊತ್ತು. ಅತ್ತೆ ಶಿವವ್ವ ತೀರಿಕೊಂಡ ಮರುವರ್ಷವೇ ಅಲ್ಲಿ ಬದುವಿನಿಂದ ಬದುವಿಗೆ ಕಬ್ಬು ಎದ್ದಿತ್ತು; ಆ ಬೀಜ ಅಲ್ಲೂ ಉಳಿದಿರಲಿಲ್ಲ.

ಹೊರಡುವಾಗ ಅಜಿತ ಐದೂ ಜಾತಿಯ ಬೀಜದ ಪೊಟ್ಟಣ ಕಟ್ಟಿಕೊಟ್ಟ. ದಾರಿಯುದ್ದಕ್ಕೂ ಅವು ಜೇಬಿನಲ್ಲಿ ಸರಸರ ಎನ್ನುತ್ತಿದ್ದವು. ಈಗ ಹೊಟ್ಟೆಕಿಚ್ಚು ಪಡಲು ಯಾರೂ ಉಳಿದಿರಲಿಲ್ಲ. ಆದರೂ ಅದು ಹೋಗಿರಲಿಲ್ಲ. ಬಾಡಿಗೆದಾರ ಬಿಟ್ಟುಹೋದ ನಾಯಿಯ ಹಾಗೆ ಅಲ್ಲೇ ಕೂತು ಗುರುಗುಟ್ಟುತ್ತಿತ್ತು. ಒಂದಿಡೀ ಹಂಗಾಮು ಅವಳ ಬಾಯಲ್ಲಿ 'ನಮ್ಮ ಗಿಡ್ಡ' ಎನಿಸಿಕೊಂಡದ್ದರ ಮೇಲೆ, ತನ್ನ ಹೊಟ್ಟೆಗೇ ಹೋದ ಆ ಹಣ್ಣಿನ ಮೇಲೆ.

ಸುಜಾತಾ ಮಾಳಿಗೆಯ ಮೇಲಿದ್ದಳು. ಗಿಡ್ಡನ ಕುಂಡ ಬೋರಲಾಗಿ ಬಿದ್ದಿತ್ತು. ಅವಳು ಮಣ್ಣನ್ನು ಕೈಯಿಂದ ಪುಡಿಗಟ್ಟುತ್ತ, ಬಿದ್ದ ಬೀಜವೇನಾದರೂ ಇದೆಯೋ ಎಂದು ಬೆರಳಾಡಿಸುತ್ತಿದ್ದಳು. ಕೆಂಪು ದಾರದ ಚಿಟ್ಟೆ ಅವಳ ಸೆರಗಿನ ಪಿನ್ನಿನಲ್ಲಿ ಸಿಕ್ಕಿಕೊಂಡಿತ್ತು.

"ಹುಕ್ಕೇರಿಗೆ ಹೋಗಿದ್ದೆ," ಎಂದ ಕಾಶಿನಾಥ.

ಅವಳು ಇನ್ನೊಂದು ಹೆಂಟೆಯನ್ನು ಒಡೆದಳು.

"ಸರ್ ಭೆಟ್ಟಿಯಾದ್ರು. ಛಲೋ ಮನಷ್ಯಾ." ಅವನು ಪೊಟ್ಟಣಗಳನ್ನು ಗೋಡೆಯ ಮೇಲೆ ಒಂದರ ಪಕ್ಕ ಒಂದಿಟ್ಟ, ಗಿರಾಕಿಯ ಮುಂದೆ ಅಂಗಿ ಹರಡಿದ ಹಾಗೆ. "ಕರೇದು ಐತಿ, ಹಳದಿ ಐತಿ, ಪಟ್ಟಿದು ಐತಿ. ನಿನಗ ಯಾವುದು ಬೇಕು ಹೇಳು, ನಾ ಮಣ್ಣು ತುಂಬತೇನಿ. ಈ ಸಲ ನಾನೂ ತಿಂದು ಹೇಳತೇನಿ, ಯಾವುದು ಛಲೋ ಅಂತ. ಆರಿಸ್ಕೋ ಸುಜಾತಾ. ಯಾವುದು ಬೇಕು?"

ಸುಜಾತಾ ಎದ್ದು ನಿಂತಳು. ಅವನಿಗಿಂತ ನಾಲ್ಕು ಬೆರಳು ಎತ್ತರ. ಪೊಟ್ಟಣಗಳನ್ನು ನೋಡಿದಳು, ಅವನನ್ನು ನೋಡಿದಳು, ಕೈಯ ಮಣ್ಣು ಕೊಡವಿದಳು.

"ಒಂದೂ ಬ್ಯಾಡ," ಎಂದಳು.