ದೇಸಾಯರ ಗೋಡೆ, ಶ್ರೀಶೈಲಪ್ಪನ ಮಾಳಿಗೆ

ಶ್ರೀಶೈಲಪ್ಪನ ಮನೆಗೆ ಸ್ವಂತ ಗೋಡೆಗಳು ಮೂರೇ. ನಾಲ್ಕನೆಯದು ದೇಸಾಯರ ವಾಡೆಯ ಕೋಟೆಗೋಡೆ. ಅವನ ಅಜ್ಜ ಅದಕ್ಕೆ ಆನಿಸಿ ಮನೆ ಕಟ್ಟಿ ಒಂದು ಗೋಡೆ ಉಳಿಸಿದ್ದ. ಮೊಮ್ಮಗ ದಿನಾ ಅದರ ದಂಡ ತೆರುತ್ತಿದ್ದ.

ಆ ಗೋಡೆಯಲ್ಲಿ ಬಂದೂಕಿನ ಕಿಂಡಿಗಳಿದ್ದವು. ಬುಡಕ್ಕೆ ಬಂದ ವೈರಿಯ ನೆತ್ತಿಗೇ ಗುಂಡು ಬೀಳಲೆಂದು ಅವನ್ನು ಕೆಳಮುಖವಾಗಿ ಕೊರೆದಿದ್ದರು. ಈಗ ಗುಂಡಿಲ್ಲ, ರಾಮಚಂದ್ರ ದೇಸಾಯಿ ಮುಖ ತೊಳೆದ ನೀರು ಬರುತ್ತದೆ. ಗುರಿ ಮಾತ್ರ ತಪ್ಪಿಲ್ಲ: ಶ್ರೀಶೈಲಪ್ಪನ ಅಂಗಳ.

"ನೀರು ಬಿಡಬ್ಯಾಡ್ರಿ, ದೇಸಾಯರ."

"ಕ್ವಾಟಿ ಗ್ವಾಡಿಗೆ ಬಂದು ಅಂಟಕೋ ಅಂತ ನಿಮ್ಮಜ್ಜಗ ಯಾರು ಕರದಿದ್ರು?"

ದೇಸಾಯಿಯ ಮರಾಠಿ ರಾಗದ ಆ ಮೂಗುದನಿಯನ್ನು ಶ್ರೀಶೈಲಪ್ಪ ಚಹಾದಂಗಡಿಯಲ್ಲಿ ಅಣಕಿಸುತ್ತಿದ್ದ. "ಆಮ್ಹೀ ದೇಸಾಯೀರಿ. ಹಲ್ಲು ಉದುರ್ಯಾವ, ಕ್ವಾಟಿ ಉದುರಿಲ್ರಿ." ಸಿಂದಗಿ ಬಸ್ಸಿಗೆ ನಿಂತವರು ಬಸ್ಸು ಬಿಟ್ಟು ಕೇಳುತ್ತಿದ್ದರು.

ಕಡೆಗೆ ಅವನು ಪಂಚಾಯಿತಿಗೆ ಅರ್ಜಿ ಕೊಟ್ಟ: ಗೋಡೆ ಉಬ್ಬಿದೆ, ನಮ್ಮ ಮೇಲೆ ಬೀಳುತ್ತದೆ, ಕೆಡವಿಸಬೇಕು. ಉಬ್ಬಿದ್ದಂತೂ ನಿಜ.

ಮೇ ತಿಂಗಳಲ್ಲಿ ಇಂಜಿನಿಯರ್ ಭುವನೇಶ್ವರಿ ಬಂದರು. ಗೋಡೆ ತಟ್ಟುತ್ತ ತಟ್ಟುತ್ತ ಶ್ರೀಶೈಲಪ್ಪನ ಅಡುಗೆಮನೆಗೇ ಬಂದರು. ಜೋಳದ ಚೀಲಗಳ ಹಿಂದೆ ಕಲ್ಲೊಂದು ಅಲುಗಿತು. ಎಳೆದರೆ ಒಳಗೆ ಮನುಷ್ಯ ಕೂರುವಷ್ಟು ಪೊಟರೆ, ಮೇಲಕ್ಕೂ ಏರಿತ್ತು.

"ಕ್ವಾಟಿ ಗ್ವಾಡಿ ಪೂರಾ ಕಲ್ಲಲ್ರಿ. ಆ ಕಡೆ ಒಂದು ಪದರ ಕಲ್ಲು, ಈ ಕಡೆ ಒಂದು. ನಡುವ ಬಡದು ತುಂಬಿದ ಮಣ್ಣ ಎರಡನ್ನೂ ಹಿಡದಿರೂದು. ಇಲ್ಲೀ ಮಣ್ಣ ಎಲ್ಲಿ ಹೋತು?"

ಶ್ರೀಶೈಲಪ್ಪ ಜೋಳದ ಚೀಲವೊಂದನ್ನು ಮತ್ತೆ ಪೊಟರೆಯ ಮುಂದಕ್ಕೆ ಎಳೆದ. ಅವನ ಹೆಂಡತಿ ಚನ್ನವ್ವ ಕಣ್ಣೆತ್ತಿ ತಲೆಯ ಮೇಲಿನ ಮಾಳಿಗೆ ನೋಡಿದಳು.

ಮಣ್ಣಿನ ಚಾವಣಿಯಾದ ಮಾಳಿಗೆಗೆ, ಸೋರದಿರಲೆಂದು, ಮಳೆಗಾಲದ ಮುಂಚೆ ಹೊಸದಾಗಿ ಬಿಳಿಮಣ್ಣು ಹಾಕುವುದು ಊರ ರೂಢಿ. ಉಳಿದವರು ಹಳ್ಳದಾಚೆಯಿಂದ ಹೊತ್ತು ತರುತ್ತಿದ್ದರು. ಇವನ ಅಪ್ಪ, ಆಮೇಲೆ ಇವನು, ಒಲೆಯ ಪಕ್ಕದ ಗೋಡೆಯೊಳಗಿಂದಲೇ ತೆಗೆದಿದ್ದರು. ದೇಸಾಯರದ್ದು ಎಂಬ ಕಾರಣಕ್ಕೆ ಆ ಮಣ್ಣಿನ ಕೆಳಗೆ ನಿದ್ದೆಯೂ ಚೆನ್ನಾಗಿ ಬರುತ್ತಿತ್ತು.

"ಮಳಿಗಿಂತ ಮೊದ್ಲ ತುಂಬಸ್ರಿ," ಎಂದರು ಭುವನೇಶ್ವರಿ. "ಇಲ್ಲಾಂದ್ರ ಮನಿ ಖಾಲಿ ಮಾಡಬೇಕಾಗ್ತದ. ಕೆಳಗಿಂದ ಆಗೂದಿಲ್ಲ, ವಾಡೇದ ಒಳಗ ಹೋಗಿ ಮ್ಯಾಲಿಂದ ಬಡೀಬೇಕು."

ಕಿಂಡಿಯಿಂದ ದನಿ ಇಳಿಯಿತು. ರಾಮಚಂದ್ರ ಎಲ್ಲ ಕೇಳಿದ್ದ. "ಬಾರೋ ಶ್ರೀಶೈಲಪ್ಪ. ದೊಡ್ಡ ಬಾಗಲಾ ತಗ್ಯಾಂಗಿಲ್ಲ. ದಿಂಡಿ ಬಾಗಲದಾಗ ಬಾ."

ದಿಂಡಿ ಬಾಗಿಲೆಂದರೆ ದೊಡ್ಡ ಬಾಗಿಲಿನ ಹಲಗೆಯಲ್ಲೇ ಕೊರೆದ ಎದೆಯೆತ್ತರದ ಕಿರುಬಾಗಿಲು. ಬಂದವನ ಕುತ್ತಿಗೆ ಮೊದಲು ಒಳಬರಲೆಂದು ಹಿಂದಿನವರು ಮಾಡಿದ್ದು. ಮರುದಿನ ರಾಮಚಂದ್ರ ಅದರ ನೇರಕ್ಕೆ ಖುರ್ಚಿ ಹಾಕಿ ಕೂತ. ಶ್ರೀಶೈಲಪ್ಪನ ತಲೆ ತನ್ನೆದುರು ಬಾಗುವುದನ್ನು ಅವನು ನೋಡಬೇಕಿತ್ತು.

ಶ್ರೀಶೈಲಪ್ಪ ತನ್ನ ಮಾಳಿಗೆಯನ್ನೇ ಅಗೆದು ಬುಟ್ಟಿ ತುಂಬಿ ತಂದ. ಬಾಗಿಲ ಮುಂದೆ ಬುಟ್ಟಿ ಇಳಿಸಿ ತಿರುಗಿ ನಿಂತ. ಮೊದಲು ಧೋತರದ ಹಿಂಭಾಗ ಒಳಬಂತು, ಆಮೇಲೆ ಬೆನ್ನು, ಕಡೆಗೆ ಬುಟ್ಟಿ ಎಳೆಯುವ ಕೈ. ತಲೆ ಬಾಗಿತ್ತು, ಬೀದಿಯ ಕಡೆಗೆ.

"ಇದೇನೋ?"

"ನಮಸ್ಕಾರ್ರಿ, ದೇಸಾಯರ."

ಎರಡನೆಯ ಬುಟ್ಟಿ ಬರುವಷ್ಟರಲ್ಲಿ ರಾಮಚಂದ್ರ ಖುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿದ್ದ. ಕೆಲಸ ಮುಗಿಯುವವರೆಗೂ ಆ ಎರಡು ಬೆನ್ನುಗಳು ದಿನಾ ಭೇಟಿಯಾದವು.

ಪೊಟರೆ ತುಂಬಿತು, ಗೋಡೆ ನಿಂತಿತು. ಬೋಳಾದ ಮಾಳಿಗೆ ಮೊದಲ ಮಳೆಗೇ ಸೋರಿತು. ಸೋರುವಲ್ಲಿ ಇಡಲು ಪಾತ್ರೆ ತರಲೆಂದು ಅಂಗಳಕ್ಕೆ ಹೋದ ಚನ್ನವ್ವ ತಲೆ ಒರೆಸಿಕೊಳ್ಳುತ್ತ ಬಂದಳು.

"ಯಾವದು ಮಳಿ, ಯಾವದು ದೇಸಾಯಿ, ತಿಳೀವಲ್ದು."