ನೀಲಿ ಬಂದವರ ಬೆಂಚು

ನರ್ಸ್ ಮೆಹರ್ ಬಾನುಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಶಿವಮೊಗ್ಗದ ಡಾಕ್ಟರ್ ಏಕಾಂತಪ್ಪನವರ ದವಾಖಾನೆಯಲ್ಲಿ ಅವಳದು ಹದಿನಾಲ್ಕು ವರ್ಷದ ಸರ್ವೀಸು. ಭಾನುವಾರ ಬಂತೆಂದರೆ ಡಾಕ್ಟರ ಕಾರಿನಲ್ಲಿ ಭದ್ರಾವತಿಗೆ ಹೋಗಿ, ಕಾರ್ಖಾನೆ ಕೆಲಸಗಾರರ ಮನೆಗಳ ನಡುವೆ ಒಂದು ಬಾಡಿಗೆ ಮನೆಯ ಜಗುಲಿಯಲ್ಲಿ ಸಕ್ಕರೆ ಕಾಯಿಲೆಯವರನ್ನು ನೋಡುತ್ತಿದ್ದಳು. ನೋಡುವವಳು ಅವಳೇ, ಡಾಕ್ಟರು ಒಳಗೆ ಕೂತು ಸಹಿ ಹಾಕುತ್ತಿದ್ದರು.

ಈ ಕಾಯಿಲೆ ವಾಸಿಯಾಗುವುದಲ್ಲ, ಸಾಯುವ ತನಕ ಜೊತೆಯಲ್ಲಿಟ್ಟುಕೊಂಡು ಸಾಕಬೇಕಾದದ್ದು ಎಂದು ಅವಳು ಎಲ್ಲರಿಗೂ ಮೊದಲ ದಿನವೇ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಿದ್ದಳು. ಬೆಳಗಿನ ಮೂತ್ರವನ್ನು ಬಾಟಲಿಯಲ್ಲಿ ತರಬೇಕು, ಕತ್ತಿಗೆ ಹೆಸರಿನ ಚೀಟಿ ಕಟ್ಟಿರಬೇಕು. ಗಾಜಿನ ಕೊಳವೆಯಲ್ಲಿದ್ದ ನೀಲಿ ಔಷಧಿಗೆ ಮೂತ್ರದ ಎಂಟು ಹನಿ ಬಿಟ್ಟು ಸ್ಪಿರಿಟ್ ದೀಪದ ಮೇಲೆ ಕಾಯಿಸುತ್ತಿದ್ದಳು. ಸಕ್ಕರೆ ಇಲ್ಲದಿದ್ದರೆ ಬಣ್ಣ ನೀಲಿಯಾಗಿಯೇ ಉಳಿಯುತ್ತದೆ. ಇದ್ದರೆ ಹಸಿರು, ಹಳದಿ, ತೀರಾ ಹೆಚ್ಚಾದರೆ ಇಟ್ಟಿಗೆ ಕೆಂಪು. ಕೊಳವೆಗಳನ್ನೆಲ್ಲ ಮರದ ಸ್ಟ್ಯಾಂಡಿನಲ್ಲಿ ಸಾಲಾಗಿ ಇಟ್ಟು, ಗೋಡೆಗೆ ಒರಗಿಸಿದ ಕಪ್ಪು ಹಲಗೆಯ ಮೇಲೆ ಹೆಸರಿನ ಮುಂದೆ ಬಣ್ಣ ಬರೆಯುತ್ತಿದ್ದಳು. ನೀಲಿ ಬಂದವರಿಗೆ ಮುಂದಿನ ಬೆಂಚು. ಕೆಂಪು ಬಂದವರು ಎಲ್ಲರೆದುರು ಎದ್ದು ನಿಂತು ಏನು ತಿಂದೆವೆಂದು ಒಪ್ಪಿಸಬೇಕು. ಬೀಡಿ ಅಂಗಡಿಯ ಹೊನ್ನಯ್ಯ ಮೊಮ್ಮಗಳ ಮದುವೆಯಲ್ಲಿ ಎರಡು ಲಾಡು ತಿಂದೆನೆಂದು ಒಪ್ಪಿಸಿದಾಗ, ತಿಥಿ ಊಟಕ್ಕೂ ಈಗಲೇ ಹೇಳಿಬಿಡಿ ಎಂದಿದ್ದಳು. ಜಗುಲಿಯೆಲ್ಲ ನಕ್ಕಿತು. ಹೊನ್ನಯ್ಯ ಮುಂದೆಂದೂ ಬರಲಿಲ್ಲ.

ಆದರೂ ಹಲಗೆಯ ಮೇಲೆ ವಾರವಾರಕ್ಕೂ ನೀಲಿ ಹೆಚ್ಚುತ್ತಾ ಹೋಯಿತು. ಅದು ಯಾರ ಕಣ್ಣನ್ನಾದರೂ ಕೋರೈಸುವಂಥದ್ದೇ. ಸಾವಿರದ ಒಂಬೈನೂರ ಅರವತ್ತನಾಲ್ಕರಲ್ಲಿ ಜಿಲ್ಲೆಯ ಆರೋಗ್ಯಾಧಿಕಾರಿಗಳು, ಹಳ್ಳಿ ಪೇಟೆಗಳಲ್ಲಿ ಪ್ರಾಕ್ಟೀಸು ಮಾಡುವ ಡಾಕ್ಟರುಗಳಿಗೂ ಇದನ್ನು ಕಲಿಸಬಾರದೇಕೆ ಎಂದರು. ಹನ್ನೆರಡು ಜನ ಡಾಕ್ಟರು ಒಂದು ಭಾನುವಾರ ಬಂದು ನೋಡುವುದು, ಒಪ್ಪಿದರೆ ತಿಂಗಳಿಗೊಂದು ತರಗತಿ, ಕಲಿಸುವವಳು ಮೆಹರ್ ಬಾನು. ಒಬ್ಬ ನರ್ಸು ಡಾಕ್ಟರುಗಳಿಗೆ ಪಾಠ ಹೇಳುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಬಂದವರಲ್ಲಿ ಅರ್ಧ ಜನ ತಮಾಷೆ ನೋಡಲೆಂದೇ ಬಂದಿದ್ದರು.

ಅವಳ ತುರುಪು ಪುಟ್ಟಯ್ಯ. ಕಬ್ಬಿಣ ಎರಕ ಹೊಯ್ಯುವ ಕೆಲಸದವನು, ನಲವತ್ತೆಂಟು ವಯಸ್ಸು. ಐದು ತಿಂಗಳಿಂದ ಬೆಂಚಿನ ಮೊದಲ ಜಾಗ ಬಿಟ್ಟುಕೊಟ್ಟವನಲ್ಲ. ಹೊಸಬರಿಗೆ ಇನ್ಸುಲಿನ್ ಚುಚ್ಚಿಕೊಳ್ಳುವ ಸೂಜಿ ಕುದಿಸುವುದನ್ನು ಅವನೇ ತೋರಿಸಿಕೊಡುತ್ತಿದ್ದ. ಅವನನ್ನು ಮಾನಿಟರ್ ಎಂದು ಕರೆಯುತ್ತಿದ್ದಳು. ಅವತ್ತು ಡಾಕ್ಟರುಗಳೆದುರು ಅವನ ಬಾಟಲಿಯನ್ನೇ ಆರಿಸಿ ಕಾಯಿಸಿದಳು. ಶುದ್ಧ ನೀಲಿ. ಕೊಳವೆಯನ್ನು ಬೆಳಕಿಗೆ ಹಿಡಿದಾಗ ನಗುತ್ತಿದ್ದ ಬಾಯಿಗಳೆಲ್ಲ ಮುಚ್ಚಿಕೊಂಡವು. ಅವಳಿಗೆ ಹಬ್ಬದಷ್ಟು ಖುಷಿಯಾಯಿತು.

ಆಗ ಹಿಂದಿನಿಂದ ಸಮೀವುಲ್ಲಾ ಎಂಬ ಹೊಸ ಡಾಕ್ಟರು, ಇವರ ಕಾಲು ಒಂದು ಸಲ ನೋಡಬಹುದಾ ಎಂದು ಕೇಳಿದರು. ನಡೆದು ಬರುವಾಗ ಸ್ವಲ್ಪ ಕುಂಟಿದ ಹಾಗೆ ಕಂಡಿತ್ತಂತೆ. ಪುಟ್ಟಯ್ಯ ಬೂಟಿನ ಕಾಲುಗಳನ್ನು ಬೆಂಚಿನ ಕೆಳಗೆ ಎಳೆದುಕೊಂಡು, ಹೊಸ ಬೂಟು ಸ್ವಾಮಿ, ಕಚ್ಚತ್ತೆ, ಅಷ್ಟೇ ಎಂದ. ಸಮೀವುಲ್ಲಾ ಬಗ್ಗಿದರು. ಮೆಹರ್ ಬಾನು ನಡುವೆ ಬಂದು ನಿಂತಳು.

"ಐದು ತಿಂಗಳು ನೀಲಿ ಬಂದಿರೋ ಮನುಷ್ಯ. ನೀವು ಬಂದಿರೋದು ಕೊಳವೆ ನೋಡೋದು ಕಲಿಯಕ್ಕೆ ಡಾಕ್ಟ್ರೆ. ಮೊದಲು ಅದನ್ನ ಕಲೀರಿ. ಪುಟ್ಟಯ್ಯಂಗೆ ನಾನು ಗ್ಯಾರಂಟಿ."

ಎಲ್ಲರೂ ನಕ್ಕರು. ಸಮೀವುಲ್ಲಾ ಕೆಂಪಗಾಗಿ ಕೂತುಬಿಟ್ಟರು.

ಒಂಬತ್ತು ದಿನ ಕಳೆದ ಮೇಲೆ ಪುಟ್ಟಯ್ಯನನ್ನು ಶಿವಮೊಗ್ಗದ ಆಸ್ಪತ್ರೆಗೆ ಎತ್ತಿಕೊಂಡು ಬಂದರು. ಸುದ್ದಿ ಕೇಳಿ ಅವಳು ಏಪ್ರನ್ನಿನಲ್ಲೇ ಓಡಿದಳು. ಎಡಪಾದ ಹಿಮ್ಮಡಿಯವರೆಗೆ ಕಪ್ಪಾಗಿ ನಾರುತ್ತಿತ್ತು. ಎರಕದ ಕಿಡಿಯೊಂದು ಬೂಟಿನೊಳಗೆ ಬಿದ್ದು ಸುಟ್ಟಿತ್ತು. ಕಾಯಿಲೆ ಪಾದದ ಸ್ಪರ್ಶವನ್ನೇ ತಿಂದುಹಾಕಿದ್ದರಿಂದ ಮೊದಲು ಅವನಿಗೆ ಗೊತ್ತೇ ಆಗಿರಲಿಲ್ಲ. ಗೊತ್ತಾದ ಮೇಲೆ ಬಟ್ಟೆ ಸುತ್ತಿ ಮುಚ್ಚಿಟ್ಟಿದ್ದ. ಮೂತ್ರದಲ್ಲಿ ಸಕ್ಕರೆ ಸುರಿಯುತ್ತಿದೆ ಎಂದರು ಅಲ್ಲಿನವರು. ಸಾಧ್ಯವೇ ಇಲ್ಲ, ಮೊನ್ನೆ ಭಾನುವಾರವೂ ನೀಲಿ ಎಂದು ಜಗಳ ತೆಗೆದು, ತಾನೇ ಕಾಯಿಸಿದಳು. ದೀಪದ ಮೇಲೆ ಹಿಡಿಯುತ್ತಿದ್ದಂತೆಯೇ ಇಟ್ಟಿಗೆಪುಡಿ ಕಲಸಿದ ಹಾಗೆ ಕೆಂಪಾಯಿತು.

ಬಾಯಿಬಿಟ್ಟರೆ ಬಣ್ಣಗೇಡು ಎಂದು ಇಷ್ಟು ದಿನ ಸುಮ್ಮನಿದ್ದ ಹೆಂಡತಿ ದುರ್ಗಮ್ಮ ವಾರ್ಡಿನ ಗೋಡೆಗೆ ಒರಗಿ ನಿಂತಿದ್ದಳು.

"ಅವರದಲ್ಲ ನರ್ಸಮ್ಮ. ಭಾನುವಾರದ ಬಾಟ್ಲಿ ನಂದು. ಐದು ತಿಂಗಳಿಂದಾನೂ ನಂದೇ."

ಉಳಿದದ್ದನ್ನು ಪುಟ್ಟಯ್ಯನೇ ಜ್ವರದ ನಡುವೆ ಬಿಡಿಸಿ ಹೇಳಿದ. ಬೆಳಗ್ಗೆ ಸೂಜಿ ಚುಚ್ಚಿಕೊಂಡು ಕೆಲಸಕ್ಕೆ ಹೋದರೆ, ಊಟದ ಗಂಟೆ ತಡವಾದ ದಿನ ಸಕ್ಕರೆ ತೀರಾ ಇಳಿದು ಕೈಕಾಲು ನಡುಗಿ ಬೆವರು ಕಿತ್ತುಬರುತ್ತಿತ್ತು. ಒಂದು ದಿನ ಕುಲುಮೆಯ ಪಕ್ಕದಲ್ಲೇ ಬಿದ್ದ. ಕುಡಿದು ಬಂದಿದ್ದಾನೆಂದು ಮೇಸ್ತ್ರಿ ಗೇಟಿನಿಂದ ಆಚೆ ಹಾಕಿದ. ಅಂದಿನಿಂದ ಕೆಲಸವಿದ್ದ ದಿನವೆಲ್ಲ ಸೂಜಿ ಬಿಟ್ಟ. ಸೂಜಿ ಬಿಟ್ಟರೆ ಕೆಂಪು ಬರುತ್ತದೆ. ಅಷ್ಟು ಪಾಠವನ್ನು ಅವಳೇ ಚೆನ್ನಾಗಿ ಕಲಿಸಿದ್ದಳು.

ಸೂಜಿಯ ಹೊತ್ತು ಬದಲಿಸಿ, ಪ್ರಮಾಣ ಇಳಿಸಿ, ಜೇಬಿನಲ್ಲಿ ಒಂದು ಚೂರು ಬೆಲ್ಲ ಇಟ್ಟುಕೊಳ್ಳಲು ಹೇಳಿದ್ದರೆ ಮುಗಿಯುತ್ತಿತ್ತು. ಐದು ನಿಮಿಷದ ಮಾತು. ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಕೇಳುವಾಗಲೂ ಅವಳ ದನಿ ಗದರಿದಂತೆಯೇ ಇತ್ತು.

"ಹೇಳೋಣ ಅಂತಾನೇ ಬಂದಿದ್ದೆ ನರ್ಸಮ್ಮ. ಅವತ್ತು ನೀವು ಹೊನ್ನಯ್ಯಂಗೆ ಬೈತಾ ಇದ್ರಿ."

ಅವನು ಕೋಪದಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಕೈ ಮುಗಿದು, ನಿಮ್ಮ ಮರ್ಯಾದೆ ಕಳೆದೆ ಎಂದು ಕ್ಷಮೆ ಕೇಳಿದ. ಮಾರನೆಯ ದಿನ ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಡಾಕ್ಟರ್ ಏಕಾಂತಪ್ಪನವರು ಇದನ್ನು ಹೊರಗೆ ಆಡುವುದು ಬೇಡ ಎಂದರು. ತರಗತಿಗೆ ಒಪ್ಪಿಗೆಯ ಕಾಗದ ಆಗಲೇ ಬಂದಿತ್ತು, ಅವಳ ಹೆಸರು ಟೈಪಾಗಿತ್ತು. ಅದನ್ನು ಅವಳು ಮಡಿಸಿ ಮೇಜಿನ ಡ್ರಾಯರಿನ ತಳಕ್ಕೆ ತುರುಕಿದಳು. ಆದರೂ ಬೇಡವೆನ್ನಲಿಲ್ಲ, ಬೇಡವೆನ್ನುವಷ್ಟು ಒಳ್ಳೆಯವಳೂ ಅಲ್ಲ. ಬೆಂಚನ್ನು ಮಾತ್ರ ಒಳಗೆ ಹಾಕಿಸಿದಳು, ಹಲಗೆಯನ್ನು ಒರೆಸಿದಳು. ಕೆಂಪು ಬಂದರೆ ಬರಲಿ, ಯಾರಿಗೂ ಬೈಯುವುದಿಲ್ಲ, ನಿಜ ಹೇಳಿ ಎಂದು ಎಲ್ಲರಿಗೂ ಹೇಳಿದಳು. ಜನ ತಲೆಯಾಡಿಸಿದರು.

ಮೂರನೆಯ ತಿಂಗಳು ಹೊಸ ಡಾಕ್ಟರುಗಳ ತಂಡ ಬಂದಿತ್ತು. ಪಾಠದ ನಡುವೆ ದುರ್ಗಮ್ಮ ಬಂದು, ಅವರಿಗೆ ಅಷ್ಟು ದೂರ ಬರಕ್ಕಾಗಲ್ಲ, ಕಳಿಸಿಕೊಟ್ಟಿದ್ದಾರೆ ಎಂದು ಸೆರಗಿನಿಂದ ಬಾಟಲಿ ತೆಗೆದು ಕೊಟ್ಟಳು. ಕತ್ತಿಗೆ ಚೀಟಿ: ಪುಟ್ಟಯ್ಯ. ಮೆಹರ್ ಬಾನು ಎಂಟು ಹನಿ ಬಿಟ್ಟು ಕಾಯಿಸಿದಳು. ಡಾಕ್ಟರುಗಳು ಸುತ್ತ ಮುತ್ತಿಕೊಂಡು ನೋಡಿದರು. ಕುದಿಯಿತು, ಇನ್ನೊಮ್ಮೆ ಕುದಿಯಿತು. ನೀಲಿ.

ಒಬ್ಬರು ಭಲೇ ಎಂದು ಪುಸ್ತಕದಲ್ಲಿ ಬರೆದುಕೊಂಡರು. ದುರ್ಗಮ್ಮ ತಲೆಯೆತ್ತಲಿಲ್ಲ. ಮೊದಲು ಬೆಂಚಿದ್ದ ಜಾಗವನ್ನೇ ನೋಡುತ್ತಿದ್ದಳು.

"ಅದನ್ನ ಬರೀಬೇಡಿ," ಎಂದಳು ಮೆಹರ್ ಬಾನು. ದೀಪ ಆರಿಸಿದಳು. ಒಳಗಿನಿಂದ ಏಕಾಂತಪ್ಪನವರು ಎಲ್ಲಿಗೆ ಎಂದು ಕೇಳುತ್ತಿದ್ದಂತೆಯೇ ದುರ್ಗಮ್ಮನ ಕೈ ಹಿಡಿದುಕೊಂಡು ಬಿಸಿಲಿಗೆ ಇಳಿದಳು. ದಾರಿಯುದ್ದಕ್ಕೂ, ಈ ಸಲ ಮೆಲ್ಲಗೆ ಮಾತಾಡಬೇಕು, ಬರೀ ಕೇಳಿಸಿಕೊಳ್ಳಬೇಕು ಎಂದು ತನಗೆ ತಾನೇ ಹೇಳಿಕೊಂಡಳು.

ಪುಟ್ಟಯ್ಯ ಬಾಗಿಲ ಎದುರಿಗೇ ಚಾಪೆಯ ಮೇಲೆ ಕೂತಿದ್ದ. ಹೊಸಿಲಲ್ಲಿ ಅವಳನ್ನು ಕಂಡವನೇ ಬನ್ನಿ ನರ್ಸಮ್ಮ ಎಂದು ನಗುತ್ತಾ, ಪಕ್ಕದಲ್ಲಿದ್ದ ಕಂಬಳಿಯನ್ನು ಸರಕ್ಕನೆ ಎಳೆದು, ಉಳಿದಿದ್ದ ಬಲಗಾಲಿನ ಮೇಲೆ ಮುಚ್ಚಿಕೊಂಡ.