ಬಾಲ್ಕನಿಯ ಬಿಳಿ ಪಂಚೆ

ಪಂಚೆಯ ಎರಡನೆಯ ತುದಿಯನ್ನು ಬಾಲ್ಕನಿಯ ಕಂಬಿಗೆ ಕಟ್ಟುವಷ್ಟರಲ್ಲಿ ಗಾಳಿ ಬೀಸಿ ಅದು ಸುಮತಿಯ ಮುಖಕ್ಕೇ ಸುತ್ತಿಕೊಂಡಿತು. ಬಿಡಿಸಿಕೊಂಡು, ಬಟ್ಟೆಯ ಕ್ಲಿಪ್ಪು ಹಾಕಿ, ಹಿಂದೆ ಸರಿದು ನೋಡಿದಳು. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಿತ್ತು. ಮಡಿಕೆಗಳಲ್ಲಿ ನೆರಳು ಚೆನ್ನಾಗಿ ಕೂತಿತ್ತು. ಪಂಚೆ ಗಂಡ ಯಜ್ಞನಾರಾಯಣನದು. ಅಣ್ಣನ ಕ್ರಿಯೆಗೆಂದು ಮೈಸೂರಿಗೆ ಹೋದವನು ವಿಮಾನಗಳು ನಿಂತಮೇಲೆ ಅಲ್ಲೇ ಉಳಿದಿದ್ದ. ದಿನವೂ ಫೋನಿನಲ್ಲಿ "ಊಟ ಆಯ್ತಾ" ಎಂದು ಕೇಳುತ್ತಿದ್ದ. ಆಯಿತು ಎಂದಮೇಲೆ ಮುಂದೇನು ಮಾತಾಡಬೇಕೆಂದು ಇಬ್ಬರಿಗೂ ತಿಳಿಯುತ್ತಿರಲಿಲ್ಲ.

ಇತ್ತ ಅವರು ನೆಲೆಸಿದ್ದ ಪರದೇಶದಲ್ಲಿ, ಸುಬಾಂಗ್ ಜಯಾದ ಒಂದು ಖಾಸಗಿ ಕಾಲೇಜಿನಲ್ಲಿ ಸುಮತಿ ಯುರೋಪಿನ ಆಧುನಿಕ ಕಲೆಯ ಚರಿತ್ರೆ ಕಲಿಸುತ್ತಿದ್ದಳು. ಲಾಕ್‌ಡೌನ್ ಬಂದಮೇಲೆ ತರಗತಿ ಅವಳ ಊಟದ ಮೇಜಿಗೆ ಬಂದಿತ್ತು. ವಿದ್ಯಾರ್ಥಿಗಳೆಂದರೆ ಲ್ಯಾಪ್‌ಟಾಪಿನ ಪರದೆಯ ಮೇಲಿನ ಕಪ್ಪು ಚೌಕಗಳು. ಒಳಗೆ ಒಂದೊಂದು ಹೆಸರು, ಕೆಲವಕ್ಕೆ ಬರೀ ಇನಿಷಿಯಲ್ಲು. ಮುಖವಿಲ್ಲ, ದನಿಯಿಲ್ಲ. ಪ್ರಶ್ನೆ ಕೇಳಿ, ಸ್ವಲ್ಪ ಕಾದು, ತಾನೇ ಉತ್ತರ ಹೇಳಿಕೊಳ್ಳುತ್ತಿದ್ದಳು. ಆದರೂ ಪಾಠವಿರುವ ದಿನ ಇಸ್ತ್ರಿ ಮಾಡಿದ ಸೀರೆ ಉಡುತ್ತಿದ್ದಳು. ಉಳಿದ ದಿನಗಳಲ್ಲಿ ಅವಳ ಬಾಯಿಗೆ ಕೆಲಸವೇ ಇರುತ್ತಿರಲಿಲ್ಲ.

ಹಿಂದಿನ ದಿನ ವಿಭಾಗದ ಮುಖ್ಯಸ್ಥೆ ಮಿಸ್ ಲಿಮ್ ಫೋನ್ ಮಾಡಿದ್ದಳು. "ಸುಮತಿ, ಯಾರೂ ಬಾಯೇ ಬಿಡಲ್ಲ ಅಂತೀರಿ. ಮತ್ತೆ ಲೈವ್ ಕ್ಲಾಸ್ ಯಾಕೆ? ಪಾಠಗಳನ್ನೆಲ್ಲ ರೆಕಾರ್ಡ್ ಮಾಡಿ ಕೊಟ್ಟುಬಿಡಿ. ಮಕ್ಕಳು ಬೇಕಾದಾಗ ನೋಡ್ಕೋತಾರೆ. ನಿಮಗೂ ರೆಸ್ಟ್ ಲಾ."

ಅಲ್ಲಿಯವರೆಲ್ಲರಂತೆ ಮಾತಿನ ತುದಿಗೆ 'ಲಾ' ಸೇರಿಸಿದ ಲಿಮ್‌ಳ ದನಿಯಲ್ಲಿ ಕೆಟ್ಟತನವಿರಲಿಲ್ಲ. ನಿಜವಾಗಿಯೂ ಅವಳು ಸುಮತಿಯ ವಿಶ್ರಾಂತಿಯನ್ನೇ ಯೋಚಿಸಿದ್ದಳು. "ನಾಳೆ ಪಾಠ ಆಗಲಿ, ಹೇಳ್ತೇನೆ" ಎಂದು ಸುಮತಿ ಫೋನ್ ಇಟ್ಟಿದ್ದಳು. ಕ್ಯಾಮೆರಾ ಬಂದಮೇಲೆ ಸಣ್ಣಪುಟ್ಟ ಭಾವಚಿತ್ರಕಾರರ ಬಾಗಿಲಿಗೆ ಜನ ಬರುವುದು ನಿಂತಿತು ಎಂದು ಅವಳು ಪ್ರತಿವರ್ಷ ಕಲಿಸುತ್ತಿದ್ದಳು, ಸ್ವಲ್ಪ ನಗುತ್ತಲೇ. ಆ ಸಂಜೆ ಆ ಮಾತು ಬೇಡವೆಂದರೂ ನೆನಪಾಯಿತು.

ಪಾಠ ಶುರುವಾಯಿತು. ನದಿಯ ದಡದಲ್ಲಿ ಬಟ್ಟೆ ಒಣಗಿಹಾಕಿದ ಒಂದು ಹಳೆಯ ಫ್ರೆಂಚ್ ಚಿತ್ರವನ್ನು ಪರದೆಯ ಮೇಲೆ ತೋರಿಸಿದಳು. "ಬಣ್ಣ ಟ್ಯೂಬಿನಲ್ಲಿ ಸಿಗತೊಡಗಿತು. ರೈಲು ಬಂತು. ಚಿತ್ರಕಾರ ಕೋಣೆ ಬಿಟ್ಟು ಹೊರಗೆ ಬಂದ. ಹೊರಗೆ ಅವನಿಗೆ ಕಂಡದ್ದು ದೇವತೆಗಳಲ್ಲ, ರಾಜರೂ ಅಲ್ಲ. ದೋಣಿ, ಕಾರ್ಖಾನೆಯ ಹೊಗೆ, ಒದ್ದೆ ಬಟ್ಟೆ." ಆಮೇಲೆ ಲ್ಯಾಪ್‌ಟಾಪನ್ನು ಬಾಲ್ಕನಿಯ ಕಡೆ ತಿರುಗಿಸಿದಳು. "ಈ ಪಂಚೆ ನೋಡಿ. ನೆರಳು ಕಪ್ಪು ಅಂತ ಮನಸ್ಸು ಹೇಳುತ್ತೆ. ಕಣ್ಣು ಯಾವ ಬಣ್ಣ ಹೇಳುತ್ತೆ?"

ಈ ಸಲ ತಾನು ಉತ್ತರ ಹೇಳಬಾರದು ಎಂದುಕೊಂಡು ಸುಮತಿ ಕಾದಳು. ಪಂಚೆ ಉಬ್ಬಿತು, ಇಳಿಯಿತು. ಅಷ್ಟರಲ್ಲಿ ಬಾಗಿಲ ಗಂಟೆ ಸದ್ದು ಮಾಡಿತು.

ಕೆಳಗಿನ ಮಹಡಿಯ ರೋಹಾನಾ ನಿಂತಿದ್ದಳು. ಕಟ್ಟಡದಲ್ಲಿ ಎಲ್ಲರೂ ಅವಳನ್ನು ಕಾಕ್, ಎಂದರೆ ಅಕ್ಕ, ಎಂದೇ ಕರೆಯುತ್ತಿದ್ದರು. ಮುಖಕ್ಕೆ ಎರಡು ಮಾಸ್ಕು. ಕಾಲ ಬಳಿ ಅಕ್ಕಿಯ ಚೀಲ, ಎಣ್ಣೆ, ಮೊಟ್ಟೆ, ಸಾರ್ಡಿನ್ ಮೀನಿನ ಡಬ್ಬಗಳು.

"ಕಾರ್ ಪಾರ್ಕಿನಿಂದ ಸೊಸೆ ನೋಡಿದಳು," ಎಂದಳು ರೋಹಾನಾ, ಮೆಲುದನಿಯ ಇಂಗ್ಲಿಷಿನಲ್ಲಿ.

ಸುಮತಿಗೆ ಆಗ ಹೊಳೆಯಿತು. ಆ ದಿನಗಳಲ್ಲಿ ದೇಶದಲ್ಲೆಲ್ಲ ಅದು ನಡೆದಿತ್ತು. ಮನೆಯಲ್ಲಿ ತಿನ್ನಲು ಇಲ್ಲದವರು ಹೊರಗೆ ಒಂದು ಬಿಳಿ ಬಟ್ಟೆ ಕಟ್ಟಬೇಕು. ಕಂಡವರು ಏನೂ ಕೇಳದೆ ಕೈಲಾದದ್ದನ್ನು ತಂದುಕೊಡಬೇಕು. ಪೇಪರಿನಲ್ಲಿ ಓದಿ ಕಣ್ಣು ಒರೆಸಿಕೊಂಡವಳೇ ಅವಳು. ಪಂಚೆ ಕಟ್ಟುವಾಗ ಮಾತ್ರ ಅವಳ ತಲೆಯಲ್ಲಿ ಹತ್ತೊಂಬತ್ತನೆಯ ಶತಮಾನ ತುಂಬಿಕೊಂಡಿತ್ತು.

"ಇಲ್ಲ ಕಾಕ್, ಅದು ಪಾಠಕ್ಕೆ. ನೆರಳು ತೋರಿಸೋದಕ್ಕೆ ಕಟ್ಟಿದ್ದು."

"ಹೌದು, ಹೌದು. ಪಾಠಕ್ಕೆ."

"ನಿಜವಾಗಿಯೂ."

"ನನ್ನ ಅಕ್ಕನೂ ಹಾಗೇ ಅಂದಳು. ಕರ್ಟನ್ ಒಗೆದು ಹಾಕಿದ್ದೇನೆ ಅಂತ. ನಾಚಿಕೊಳ್ಳಬೇಡಿ ಲಾ. ಮೀನು ತಿನ್ನಲ್ಲ ಅಲ್ಲವಾ ನೀವು? ಯಾರಿಗಾದರೂ ಕೊಡಿ. ನಾಳೆ ಬೇಳೆ ತರ್ತೀನಿ." ಚೀಲವನ್ನು ಹೊಸ್ತಿಲೊಳಕ್ಕೆ ತಳ್ಳಿ ರೋಹಾನಾ ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದಳು. ಅವಳ ಮೊಣಕಾಲು ನೋವು ಸುಮತಿಗೆ ಗೊತ್ತಿತ್ತು. ಚೀಲವನ್ನು ಹಿಂದಕ್ಕೆ ಕೊಡಲು ಅವಕಾಶವಾಗಬಾರದೆಂದೇ ಆ ಅವಸರ.

ಸುಮತಿ ಮೇಜಿಗೆ ಬಂದು ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು. ಮೈಕು ಆನ್ ಆಗಿಯೇ ಇತ್ತು. ಡಿ.ಕೆ. ಎಂದಿದ್ದ ಒಂದು ಕಪ್ಪು ಚೌಕದ ಅಂಚು ಬೆಳಗಿತು. ಬಂದ ಮಾತು ಕನ್ನಡದ್ದು.

"ಮಿಸ್, ಖರೇ ಹೇಳ್ರಿ. ಪಾಠಕ್ಕಂತನ ಕಟ್ಟೀರೋ, ಮನ್ಯಾಗ ಅಕ್ಕಿ ಇಲ್ಲೋ?"

ಸುಮತಿ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡಳು. "ಯಾರಮ್ಮ ನೀನು? ಕನ್ನಡದವಳಾ?"

"ಧನುಶ್ರೀ ರೀ. ಧಾರವಾಡದಾಕಿ."

"ಇಷ್ಟು ದಿನ ಹೇಳಲೇ ಇಲ್ವಲ್ಲ."

"ನೀವೂ ಕೇಳ್ಲಿಲ್ಲಲ್ರಿ."

ಯಾರೋ ಏನು, ಏನು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇನ್ನಾರೋ ನಕ್ಕರು. ನಡುವೆ ನಬೀಲಾ ಎಂಬ ಹುಡುಗಿಯ ತೆಳ್ಳನೆಯ ದನಿ ಬಂತು. "ಪರವಾಗಿಲ್ಲ ಮಿಸ್. ನಾವೂ ಕಟ್ಟಿದ್ವಿ, ಮಂಗಳವಾರ. ಅಮ್ಮ ಹೋಟೆಲಿನಲ್ಲಿ ಬಟ್ಟೆ ಒಗೀತಿದ್ದರು. ಹೋಟೆಲ್ ಮುಚ್ಚಿತು."

ನಗು ನಿಂತಿತು. ತಾನು ಕಟ್ಟಿದ್ದು ಪಾಠಕ್ಕೇ ಎಂದು ಹೇಳಹೊರಟಿದ್ದ ಸುಮತಿ ಆ ಮಾತನ್ನು ಕೈಬಿಟ್ಟಳು.

"ಒಂದು ಕೇಳಲಾ?" ಎಂದಳು ನಬೀಲಾ. "ಆ ಫ್ರೆಂಚ್ ಚಿತ್ರದಲ್ಲಿ ಬಟ್ಟೆ ಇದೆ. ನೆರಳಿಗೂ ಎಷ್ಟೊಂದು ಬಣ್ಣ ಹಾಕಿದ್ದಾನೆ. ಒಗೆದವಳು ಎಲ್ಲಿ?"

ಸುಮತಿ ಚಿತ್ರವನ್ನು ಮತ್ತೆ ತೆರೆದು ದೊಡ್ಡದು ಮಾಡಿದಳು. ಎಷ್ಟೋ ವರ್ಷಗಳಿಂದ ಕಲಿಸುತ್ತಿದ್ದ ಚಿತ್ರ. ದಡದ ಮೂಲೆಯಲ್ಲಿ ಒಂದು ಕಂದು ಗುರುತಿತ್ತು. ಅದನ್ನು ಅವಳು ಪೊದೆಯೆಂದೇ ತಿಳಿದಿದ್ದಳು.

"ಪೊದೆ ಅದು," ಎಂದ ಒಬ್ಬ.

"ಪೊದೆಗೆ ಸೊಂಟ ಇರುತ್ತಾ? ಬಗ್ಗಿದ್ದಾಳೆ ನೋಡು," ಎಂದ ಇನ್ನೊಬ್ಬ.

"ನಿಂಗ ಎಲ್ಲಾ ಕಡೆ ಸೊಂಟಾನ ಕಾಣ್ತದ," ಎಂದು ಧನುಶ್ರೀ ಕನ್ನಡದಲ್ಲೇ ಗೊಣಗಿದಳು. ಅದು ಸುಮತಿಗೊಬ್ಬಳಿಗೇ ಅರ್ಥವಾಯಿತು.

ಮುಖವನ್ನು ಯಾರೂ ತೋರಿಸಲಿಲ್ಲ. ಆದರೆ ಒಬ್ಬರ ಮೇಲೊಬ್ಬರು ಮಾತಾಡಿದರು. ಅವಳು ಯಾರ ಬಟ್ಟೆ ಒಗೆಯುತ್ತಿದ್ದಳು, ರೈಲಿನಲ್ಲಿ ವಿಹಾರಕ್ಕೆ ಬಂದವರದೇ? ತನ್ನನ್ನು ಹೀಗೆ ಚುಕ್ಕೆಯಾಗಿ ಬರೆದದ್ದು ಅವಳಿಗೆ ಗೊತ್ತಿತ್ತೇ? ಗಂಟೆ ಮುಗಿದದ್ದನ್ನು ಯಾರೂ ಗಮನಿಸಲಿಲ್ಲ. ಕೊನೆಗೆ ಸುಮತಿ ಹೇಳಿದಳು, "ನನಗೆ ಗೊತ್ತಿಲ್ಲ. ಮುಂದಿನ ಸಲ ಎಲ್ಲರೂ ಹುಡುಕಿಕೊಂಡು ಬನ್ನಿ. ನಾನೂ ಹುಡುಕ್ತೀನಿ."

ಮಧ್ಯಾಹ್ನ ಲಿಮ್ ಫೋನ್ ಮಾಡಿದಳು. "ರೆಕಾರ್ಡಿಂಗ್ ಯಾವಾಗ ಶುರು ಮಾಡ್ತೀರಿ?"

"ಆಗಲ್ಲ ಲಿಮ್. ಒಂದು ಪ್ರಶ್ನೆ ಬಂದಿದೆ. ಉತ್ತರ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಏನಂತ ರೆಕಾರ್ಡ್ ಮಾಡಲಿ?"

"ಯಾರು ಕೇಳಿದ್ದು?"

"ನಬೀಲಾ."

"ನಬೀಲಾ ಮಾತಾಡಿದಳಾ?" ಲಿಮ್ ಆ ಹೆಸರನ್ನು ಇನ್ನೊಮ್ಮೆ ಕೇಳಿಕೊಂಡಳು. "ಸರಿ. ಈ ಸೆಮಿಸ್ಟರ್ ಹೀಗೇ ನಡೀಲಿ. ಮುಂದಿನದು ನನ್ನ ಕೈಯಲ್ಲಿಲ್ಲ. ಅದು ನಿಮಗೂ ಗೊತ್ತು."

"ಗೊತ್ತು," ಎಂದಳು ಸುಮತಿ.

ಸಂಜೆ ಧನುಶ್ರೀಯ ಫೋನ್ ಬಂತು. ಚಿತ್ರದ ಬಗ್ಗೆ ಏನೋ ಕೇಳಬೇಕಿತ್ತು ಎಂದು ಶುರುಮಾಡಿ, ಅದನ್ನು ಅಲ್ಲೇ ಬಿಟ್ಟು, ಬಾಡಿಗೆ ಮನೆಯಲ್ಲಿ ಜೊತೆಗಿದ್ದ ಹುಡುಗಿಯರೆಲ್ಲ ಊರಿಗೆ ಹೋಗಿ ತಾನೊಬ್ಬಳೇ ಉಳಿದದ್ದನ್ನು ಹೇಳಿದಳು. ಧಾರವಾಡದಲ್ಲಿ ತಾಯಿ ಏನು ಅಡಿಗೆ ಮಾಡಿದ್ದಳೆಂದೂ ಹೇಳಿದಳು. ಆಮೇಲೆ ಇಬ್ಬರ ಮಾತೂ ಮುಗಿಯಿತು.

"ಮಿಸ್, ಇಡಬ್ಯಾಡ್ರಿ," ಎಂದಳು ಧನುಶ್ರೀ. "ಮಾತಾಡೂದೇನೂ ಬ್ಯಾಡ. ನಾ ಅಡಿಗಿ ಮಾಡೂತನಕ ಸುಮ್ನ ಹಿಂಗ ಇರ್ರಿ."

ಸುಮತಿ ಫೋನನ್ನು ನೀರಿನ ಜಗ್ಗಿಗೆ ಒರಗಿಸಿ ಕುರ್ಚಿ ಹತ್ತಿರಕ್ಕೆಳೆದುಕೊಂಡಳು. ಆ ಕಡೆ ನಲ್ಲಿ ತಿರುಗಿತು, ನಿಂತಿತು. ಹಲಗೆಯ ಮೇಲೆ ಈರುಳ್ಳಿ ಹೆಚ್ಚುವ ಸದ್ದು, ಮೊದಲು ನಿಧಾನವಾಗಿ, ಆಮೇಲೆ ಒಂದೇ ಸಮನೆ.